ಈ ವರ್ಷ ಬೇಡ ಅನ್ನುವ ಮನೆತನ: ಸಿಮಿಂಗ್ಟನ್ ಕುಟುಂಬ ಮತ್ತು ಅವರ ವಿಂಟೇಜ್ ಪೋರ್ಟ್

1820ರಲ್ಲಿ ಗ್ಲಾಸ್ಗೋದ ಗ್ರಹಾಂ ಮನೆತನದವರಿಗೆ ಒಂದು ಬಾಕಿ ವಸೂಲಾಯಿತು. ಅವರು ಬಟ್ಟೆ ವ್ಯಾಪಾರಿಗಳು. ಪೋರ್ಚುಗಲ್‌ನ ಪೋರ್ಟೊದಲ್ಲಿ ಅವರದೊಂದು ಶಾಖೆ ಇತ್ತು. ಸಾಲಗಾರನ ಹತ್ತಿರ ಕಾಸಿರಲಿಲ್ಲ, ವೈನ್ ಇತ್ತು. ಶಾಖೆಯವರು ದುಡ್ಡಿನ ಬದಲು 27 ಪೀಪಾಯಿ ಪೋರ್ಟ್ ವೈನ್ ತೆಗೆದುಕೊಂಡು ಊರಿಗೆ ಕಳಿಸಿದರು. ಮುಖ್ಯ ಕಚೇರಿಯವರು ಮೊದಲು ಬೈದರಂತೆ, ನಮಗೆ ಬೇಕಿದ್ದದ್ದು ದುಡ್ಡು ಅಂತ. ಆದರೆ ಆ ವೈನ್ ಗ್ಲಾಸ್ಗೋದಲ್ಲಿ ಚೆನ್ನಾಗಿ ಖರ್ಚಾಯಿತು. ಇನ್ನಷ್ಟು ಕಳಿಸಿ ಅಂತ ಪತ್ರ ಬಂತು. ಗ್ರಹಾಮ್ಸ್ ಪೋರ್ಟ್ ಶುರುವಾದ ಬಗ್ಗೆ ಆ ಮನೆಯವರು ಹೇಳಿಕೊಂಡು ಬಂದ ಕಥೆ ಇದು.

1882ರಲ್ಲಿ ಅದೇ ಗ್ರಹಾಂ ಕಂಪನಿಯ ಕೆಲಸಕ್ಕೆ ಸ್ಕಾಟ್ಲೆಂಡಿನಿಂದ ಒಬ್ಬ ಹುಡುಗ ಪೋರ್ಟೊಗೆ ಬಂದಿಳಿದ. ಹೆಸರು ಆಂಡ್ರೂ ಜೇಮ್ಸ್ ಸಿಮಿಂಗ್ಟನ್. ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1970ರಲ್ಲಿ ಅವನ ಮೊಮ್ಮಕ್ಕಳ ತಲೆಮಾರು ಆ ಗ್ರಹಾಮ್ಸ್ ಕಂಪನಿಯನ್ನೇ ಕೊಂಡುಕೊಂಡಿತು. ಇವತ್ತು ಗ್ರಹಾಮ್ಸ್ ಜೊತೆಗೆ ಡೌ, ವಾರ್, ಕೋಬರ್ನ್ ಎಂಬ ಹಳೆಯ ಹೆಸರುಗಳೂ ಈ ಒಂದೇ ಕುಟುಂಬದ ಕೈಯಲ್ಲಿವೆ. ದೋರು ನದಿ ಕಣಿವೆಯಲ್ಲಿ ಇವರಷ್ಟು ದ್ರಾಕ್ಷಿ ತೋಟ ಇರುವವರು ಬೇರೆ ಯಾರೂ ಇಲ್ಲ. ಸುಮಾರು 1,000 ಹೆಕ್ಟೇರ್.

ಆದರೆ ಇವರ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ತೋಟದ ವಿಸ್ತಾರ ನೋಡಿ ಅಲ್ಲ. ಒಂದೇ ವರ್ಷದ ಒಳ್ಳೆಯ ಕೊಯ್ಲಿನಿಂದ ಮಾಡುವ ಪೋರ್ಟ್‌ಗೆ ವಿಂಟೇಜ್ ಅನ್ನುತ್ತಾರೆ. ಅದನ್ನು ಮಾಡುವ ಮನೆ, ಅಂದರೆ ಕಂಪನಿ, ಈ ವರ್ಷದ್ದು ಆ ಹೆಸರಿಗೆ ತಕ್ಕದ್ದು ಅಂತ ಹತ್ತು ವರ್ಷದಲ್ಲಿ ಹೆಚ್ಚು ಕಡಿಮೆ ಮೂರು ಸಲ ಮಾತ್ರ ‘ಹೂಂ’ ಅನ್ನುತ್ತದೆ. ಉಳಿದ ಏಳು ವರ್ಷ ತಮ್ಮ ಅತ್ಯಂತ ದುಬಾರಿ ಸರಕನ್ನು ತಾವೇ ಬೇಡ ಅನ್ನುತ್ತಾರೆ. ಹೀಗೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರುತ್ತದೆ? ಅದು ಅರ್ಥವಾದರೆ ವಿಂಟೇಜ್ ಪೋರ್ಟ್ ಅರ್ಥವಾದ ಹಾಗೆ.

ಮೊದಲು, ಪೋರ್ಟ್ ಅಂದರೇನು

ನಮ್ಮಲ್ಲಿ ಜಾಸ್ತಿ ಜನಕ್ಕೆ ಪೋರ್ಟ್ ವೈನ್ ಅಂದ್ರೆ ಗೋವಾದಿಂದ ಬರುವಾಗ ತರುವ ಸಿಹಿ ಕೆಂಪು ವೈನ್. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಹೆಸರು ಅಲ್ಲಿ ಉಳಿದುಕೊಂಡಿತು. ಅದರ ಮೇಲೆ ನನಗೇನೂ ತಕರಾರಿಲ್ಲ. ಆದರೆ ಈ ಲೇಖನದ ಪೋರ್ಟ್ ಬೇರೆ. ಯುರೋಪಿನ ಕಾನೂನಿನ ಪ್ರಕಾರ ಪೋರ್ಚುಗಲ್‌ನ ದೋರು ಕಣಿವೆಯ ಗುರುತಿಸಿದ ಗಡಿಯೊಳಗೆ ಬೆಳೆದ ದ್ರಾಕ್ಷಿಯಿಂದ, ಗೊತ್ತುಮಾಡಿದ ವಿಧಾನದಲ್ಲಿ ಮಾಡಿದ್ದು ಮಾತ್ರ ಪೋರ್ಟ್. ಆ ಗಡಿಯನ್ನು 1756ರಲ್ಲೇ ಪೋರ್ಚುಗಲ್‌ನ ಪ್ರಧಾನಿ ಪೊಂಬಾಲ್ ಎಳೆದಿದ್ದ. ಗಡಿ ತೋರಿಸಲು ನೆಟ್ಟ ಗ್ರಾನೈಟ್ ಕಂಬಗಳಲ್ಲಿ ಕೆಲವು ಇನ್ನೂ ತೋಟಗಳ ನಡುವೆ ನಿಂತಿವೆ. ವೈನ್ ಸೀಮೆಗೆ ಕಾನೂನಿನಿಂದ ಗಡಿ ಹಾಕಿದ ಜಗತ್ತಿನ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು.

ಇಂಗ್ಲಿಷರು ಇಲ್ಲಿಗೆ ಬಂದದ್ದು ಫ್ರಾನ್ಸ್ ಜೊತೆಗಿನ ಜಗಳದಿಂದ. ಯುದ್ಧದ ಕಾಲದಲ್ಲಿ ಫ್ರಾನ್ಸಿನ ವೈನ್ ಸಿಗುವುದು ಕಷ್ಟವಾಯಿತು. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ವೈನ್‌ಗೆ ಇಂಗ್ಲೆಂಡಿನಲ್ಲಿ ಕಡಿಮೆ ಸುಂಕ, ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್‌ನಲ್ಲಿ ಜಾಗ ಅಂತಾಯಿತು. ಬಟ್ಟೆ ವ್ಯಾಪಾರಿಗಳೇ ವೈನ್ ವ್ಯಾಪಾರಿಗಳಾದದ್ದು ಹೀಗೆ. ಗ್ರಹಾಂ ಮನೆತನದ ಕಥೆಯೂ ಅದೇ ಎಳೆಯ ಮುಂದುವರಿಕೆ.

ದೋರು ಸ್ಪೇನಿನಲ್ಲಿ ಹುಟ್ಟಿ ಪೋರ್ಟೊದಲ್ಲಿ ಅಟ್ಲಾಂಟಿಕ್ ಸೇರುವ ನದಿ. ಕಡಲಿನ ಹತ್ತಿರ ಮಳೆ ಧಾರಾಳ. ಒಳನಾಡಿಗೆ ಹೋಗುತ್ತಾ ಮಾರಾವ್ ಬೆಟ್ಟಸಾಲು ದಾಟಿದರೆ ಮಳೆ ನೆರಳಿನ ಸೀಮೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಅಪರೂಪವಲ್ಲ. ನೆಲದಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ಶಿಸ್ಟ್ ಅನ್ನುವ ಪದರ ಪದರವಾದ ಕಲ್ಲು ಅದು. ಪದರಗಳು ನೆಟ್ಟಗೆ ಸೀಳುವುದರಿಂದ ಬಳ್ಳಿಯ ಬೇರು ಆ ಬಿರುಕುಗಳಲ್ಲಿ ಇಳಿದಿಳಿದು ನೀರು ಹುಡುಕುತ್ತದೆ. ಇಳಿಜಾರು ಎಷ್ಟು ಕಡಿದು ಅಂದರೆ, ಕಲ್ಲು ಒಡೆದು, ಗಾರೆಯಿಲ್ಲದೆ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ತಲೆಮಾರುಗಳು ಕೈಯಿಂದ ಮಾಡಿದ ಕೆಲಸ. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ತಯಾರಿ. ದ್ರಾಕ್ಷಿ ರಸದಲ್ಲಿ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಸುಮ್ನೆ ಬಿಟ್ಟರೆ ಸಕ್ಕರೆ ಪೂರ್ತಿ ಮುಗಿದು ಸಿಹಿಯಿಲ್ಲದ ವೈನ್ ಆಗುತ್ತದೆ. ಪೋರ್ಟ್‌ನಲ್ಲಿ ಹಾಗೆ ಬಿಡುವುದಿಲ್ಲ. ಎರಡು ಮೂರು ದಿನ ಕಳೆದು, ಸುಮಾರು ಅರ್ಧ ಸಕ್ಕರೆ ಖರ್ಚಾದಾಗ, 77 ಶೇಕಡಾ ಆಲ್ಕೋಹಾಲ್ ಇರುವ, ಬಣ್ಣವಿಲ್ಲದ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಹೆಪ್ಪು ಹಾಕಿದ ಹಾಲು ಹುಳಿಯಾಗುವ ಮೊದಲೇ ಫ್ರಿಜ್ಜಿಗೆ ಇಟ್ಟರೆ ಸಿಹಿ ಮೊಸರು ಉಳಿಯುತ್ತದಲ್ಲ, ಹಾಗೆ. ಯೀಸ್ಟ್ ಸಾಯುತ್ತದೆ, ಉಳಿದ ಸಿಹಿ ಉಳಿಯುತ್ತದೆ, ವೈನ್ 20 ಶೇಕಡಾ ಆಸುಪಾಸಿಗೆ ಏರುತ್ತದೆ. ರೂಢಿಯ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರ್, ಅಂದರೆ ಒಂದು ಪೀಪಾಯಿ.

ಇಲ್ಲೊಂದು ಇಕ್ಕಟ್ಟಿದೆ. ಬೇರೆ ಕೆಂಪು ವೈನ್‌ಗೆ ಸಿಪ್ಪೆಯ ಜೊತೆ ನೆನೆಯಲು ವಾರಗಟ್ಟಲೆ ಸಮಯ ಇರುತ್ತದೆ. ಬಣ್ಣ, ಒಗರು ಎಲ್ಲಾ ಸಿಪ್ಪೆಯಿಂದಲೇ ಬರಬೇಕು. ಪೋರ್ಟ್‌ಗೆ ಸಿಗುವುದು ಎರಡು ಮೂರು ದಿನ. ಅಷ್ಟರಲ್ಲಿ ಸಿಪ್ಪೆಯಲ್ಲಿರುವುದನ್ನೆಲ್ಲ ಹಿಂಡಿ ತೆಗೆಯಬೇಕು. ಆದರೆ ಬೀಜ ಒಡೆಯಬಾರದು, ಒಡೆದರೆ ಕಹಿ ಇಳಿಯುತ್ತದೆ. ಇದಕ್ಕೆ ಮನುಷ್ಯನ ಪಾದಕ್ಕಿಂತ ಒಳ್ಳೆಯ ಸಾಧನ ಸಿಗಲಿಲ್ಲ.

ಸಿಮಿಂಗ್ಟನ್‌ರ ಕಿಂತಾ ದೊ ವೆಸೂವಿಯೊ ತೋಟದಲ್ಲಿ ಇವತ್ತಿಗೂ ಹೀಗೇ ನಡೆಯುತ್ತದೆ. ಅಲ್ಲಿ ಗ್ರಾನೈಟ್ ಕಲ್ಲಿನ ಎಂಟು ದೊಡ್ಡ ತೊಟ್ಟಿಗಳಿವೆ. ಲಗಾರ್ ಅಂತ ಹೆಸರು. ಹಗಲು ಕಿತ್ತ ದ್ರಾಕ್ಷಿ ಸಂಜೆಗೆ ತೊಟ್ಟಿ ತುಂಬುತ್ತದೆ. ರಾತ್ರಿ ಊಟ ಮುಗಿಸಿ, ಕಾಲು ತೊಳೆದು, ಚಡ್ಡಿ ತೊಟ್ಟು ಜನ ಇಳಿಯುತ್ತಾರೆ. ರಸ ತೊಡೆಯವರೆಗೆ ಬರುತ್ತದೆ. ಮೊದಲ ಎರಡು ಗಂಟೆ ಕಟ್ಟುನಿಟ್ಟು. ಪಕ್ಕದವರ ಹೆಗಲ ಮೇಲೆ ಕೈ ಹಾಕಿ ಸಾಲಾಗಿ ನಿಂತು, ಒಬ್ಬ ಎಡ, ಬಲ ಅಂತ ಎಣಿಸಿದ ಹಾಗೆ ಒಂದೊಂದೇ ಹೆಜ್ಜೆ ಮುಂದಿಡಬೇಕು. ತೊಟ್ಟಿಯ ಒಂದು ಗೇಣು ಜಾಗವೂ ತುಳಿಯದೆ ಉಳಿಯಬಾರದು. ತಣ್ಣಗಿನ ಹಣ್ಣು, ಕಾಲಿಗೆ ಚುಚ್ಚುವ ತೊಟ್ಟು. ನಿಜವಾಗಿ ದಣಿಸುವ ಕೆಲಸ. ಅದಾದ ಮೇಲೆ ಸಾಲು ಬಿಡಬಹುದು. ಅಕಾರ್ಡಿಯನ್, ಡೋಲು ಬರುತ್ತವೆ, ತೊಟ್ಟಿಯೊಳಗೇ ಕುಣಿತ ಶುರು. ಕುಣಿದರೂ ಕೆಲಸವೇ. ಕಾಲು ಆಡುತ್ತಲೇ ಇರುತ್ತದೆ.

ಎಲ್ಲಾ ತೋಟಕ್ಕೂ ಇಷ್ಟು ಜನ ಸಿಗುವುದಿಲ್ಲ. ಕಣಿವೆಯ ಹಳ್ಳಿಗಳಿಂದ ಯುವಕರು ಊರು ಬಿಟ್ಟು ಹೋಗಿ ದಶಕಗಳಾದವು. ಹಾಗಾಗಿ 2000ದ ಹೊತ್ತಿಗೆ ಈ ಕುಟುಂಬ ಒಂದು ಯಂತ್ರ ಲಗಾರ್ ಮಾಡಿಸಿತು. ಸ್ಟೀಲ್ ತೊಟ್ಟಿ, ಅದರ ಮೇಲೆ ಮೆಲ್ಲಗೆ ಏರಿಳಿಯುವ ಲೋಹದ ಕಾಲುಗಳು, ತುದಿಯಲ್ಲಿ ಮೆತ್ತಗಿನ ಸಿಲಿಕೋನ್ ಪಾದ. ಗ್ರಹಾಮ್ಸ್‌ನ ಮಾಲ್ವೆದೊಸ್ ತೋಟದಲ್ಲಿ ಈಗ ತುಳಿಯುವುದು ಇವೇ. ಯಂತ್ರದ ಪಾದ ಒಪ್ಪುವುದು ಹಳಬರಿಗೆ ಕಷ್ಟ. ಆದರೆ ಯಂತ್ರ ಮಧ್ಯರಾತ್ರಿ ಎರಡು ಗಂಟೆಗೂ ತುಳಿಯುತ್ತದೆ, ಬೇಕಾದ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಇವರ ಇತ್ತೀಚಿನ ಒಳ್ಳೊಳ್ಳೆಯ ವಿಂಟೇಜ್‌ಗಳಲ್ಲಿ ಯಂತ್ರ ತುಳಿದದ್ದೂ ಇದೆ ಅನ್ನುವುದನ್ನು ಮರೆಯಬಾರದು.

ಘೋಷಣೆ ಅನ್ನುವ ಒಂದು ಮಾತು

ಪೋರ್ಟ್‌ನಲ್ಲಿ ಎರಡು ದೊಡ್ಡ ದಾರಿಗಳಿವೆ. ಒಂದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಮಾಗಿಸುವುದು. ಗಾಳಿ ಸ್ವಲ್ಪ ಸ್ವಲ್ಪ ಆಡಿ ಬಣ್ಣ ಕಂದಿಗೆ ತಿರುಗುತ್ತದೆ, ರುಚಿ ಬಾದಾಮಿ, ಅಂಜೂರದ ಕಡೆ ಹೋಗುತ್ತದೆ. ಇದು ಟಾನಿ. ಇನ್ನೊಂದು, ಪೀಪಾಯಿಯಲ್ಲಿ ಕಡಿಮೆ ದಿನ ಇಟ್ಟು ಬಾಟಲಿಗೆ ಹಾಕಿ, ಗಾಳಿ ತಾಗದಂತೆ ಮಾಗಲು ಬಿಡುವುದು. ಈ ದಾರಿಯ ತುತ್ತತುದಿಯೇ ವಿಂಟೇಜ್ ಪೋರ್ಟ್.

ನಿಯಮ ಸರಳ. ಒಂದೇ ವರ್ಷದ ಕೊಯ್ಲು. ಕೊಯ್ಲಾಗಿ ಎರಡನೇ ವರ್ಷದ ಬೇಸಿಗೆಯಿಂದ ಮೂರನೇ ವರ್ಷದ ಬೇಸಿಗೆಯೊಳಗೆ ಬಾಟಲಿಗೆ ಹಾಕಬೇಕು. ಸೋಸುವಂತಿಲ್ಲ ಅನ್ನುವುದು ರೂಢಿ. ಅದಕ್ಕೆ ಮೊದಲು ಸರ್ಕಾರಿ ಪೋರ್ಟ್ ಸಂಸ್ಥೆಗೆ ಮಾದರಿ ಕಳಿಸಬೇಕು. ಅಲ್ಲಿನ ಪರಿಣತರು ರುಚಿ ನೋಡಿ ಒಪ್ಪಿದರೆ ಮಾತ್ರ ಬಾಟಲಿಯ ಮೇಲೆ ವಿಂಟೇಜ್ ಅಂತ ಬರೆಯಬಹುದು. ಆದರೆ ಮಾದರಿ ಕಳಿಸಬೇಕೋ ಬೇಡವೋ ಅನ್ನುವುದು ಮನೆಯವರ ತೀರ್ಮಾನ. ಇದಕ್ಕೇ ಘೋಷಣೆ ಅನ್ನುವುದು. ಒಟ್ಟು ಪೋರ್ಟ್ ಉತ್ಪಾದನೆಯಲ್ಲಿ ವಿಂಟೇಜ್ ಪಾಲು ನೂರಕ್ಕೆ ಎರಡು ಮೂರು ಅಷ್ಟೇ. ಹೆಸರು ಬರುವುದು ಮಾತ್ರ ಆ ಎರಡು ಮೂರರಿಂದ.

ಕೊಯ್ಲಾದ ವರ್ಷವೇ ಯಾರೂ ಹೂಂ ಅನ್ನುವುದಿಲ್ಲ. ಎಳೆಯ ಪೋರ್ಟ್ ಎಲ್ಲವೂ ಕಪ್ಪಗೆ, ಸಿಹಿಯಾಗಿ, ಗಡುಸಾಗಿ ಇರುತ್ತದೆ. ಆಗ ನೋಡಿದರೆ ಎಲ್ಲಾ ವರ್ಷವೂ ದೊಡ್ಡ ವರ್ಷವೇ. ಎರಡು ಚಳಿಗಾಲ ಕಳೆದ ಮೇಲೆ ಯಾವುದು ಗಟ್ಟಿಯಾಗಿ ನಿಂತಿದೆ, ಯಾವುದು ಸಪ್ಪೆಯಾಗುತ್ತಿದೆ ಅಂತ ತಿಳಿಯುತ್ತದೆ. ಪೋರ್ಟೊ ಎದುರಿನ ದಂಡೆಯ ವಿಲಾ ನೋವಾ ದಿ ಗಾಯಾದಲ್ಲಿ ಇವರ ಗೋದಾಮುಗಳಿವೆ. ಒಂದೊಂದು ತೋಟದ, ಒಂದೊಂದು ತೊಟ್ಟಿಯ ವೈನ್ ಬೇರೆ ಬೇರೆ ಇಟ್ಟು ಮತ್ತೆ ಮತ್ತೆ ರುಚಿ ನೋಡುತ್ತಾರೆ. ಪೀಟರ್ ಸಿಮಿಂಗ್ಟನ್ ದಶಕಗಳ ಕಾಲ ಈ ಕೆಲಸ ಮಾಡಿದರು, ಆಮೇಲೆ ಅವರ ಮಗ ಚಾರ್ಲ್ಸ್ ಕೈಗೆ ಬಂತು. ಘೋಷಿಸುವುದಾದರೆ ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದ ಆಸುಪಾಸಿನಲ್ಲಿ ಹೇಳುವುದು ಹಳೆಯ ವಾಡಿಕೆ.

ಘೋಷಿಸದಿದ್ದರೆ ವೈನ್ ದಂಡವೇನೂ ಆಗುವುದಿಲ್ಲ. ಅದು ನಾಲ್ಕರಿಂದ ಆರು ವರ್ಷ ಪೀಪಾಯಿಯಲ್ಲಿದ್ದು ಬಾಟಲಿಗೆ ಹೋಗುವ ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್) ಆಗಬಹುದು, ರೂಬಿ ಎಂಬ ಎಳೆಯ ಕೆಂಪು ಪೋರ್ಟ್‌ನ ಮಿಶ್ರಣಕ್ಕೆ ಸೇರಬಹುದು, ಟಾನಿಯಾಗಲು ಪೀಪಾಯಿಯಲ್ಲೇ ಉಳಿಯಬಹುದು. ಆದರೆ ವಿಂಟೇಜ್‌ನ ಬೆಲೆ ಕೈಬಿಟ್ಟು ಹೋಗುತ್ತದೆ. ಅದೂ ಹೇಗೆ? ವಿಂಟೇಜ್ ಅಂದರೆ ಎರಡೇ ವರ್ಷಕ್ಕೆ ಕೈಗೆ ದುಡ್ಡು ಬರುವ ಸರಕು. ಬಾಟಲಿಗೆ ಹಾಕಿದ ಕೂಡಲೇ ಹೆಚ್ಚಿನದನ್ನು ಮಾರಿಬಿಡುತ್ತಾರೆ, ಮುಂದಿನ ಇಪ್ಪತ್ತು ಮೂವತ್ತು ವರ್ಷ ಕಾಯುವ ಕೆಲಸ ಕೊಂಡವರದು. ಬೇಡ ಅಂದರೆ ಆ ಬೇಗದ ದುಡ್ಡೂ ಇಲ್ಲ. ಅದರ ಮೇಲೆ ಇನ್ನೊಂದು ಹಳೆಯ ಕಾನೂನು, ಒಂದು ಮನೆ ವರ್ಷಕ್ಕೆ ತನ್ನ ದಾಸ್ತಾನಿನ ಮೂರನೇ ಒಂದು ಪಾಲನ್ನು ಮಾತ್ರ ಮಾರಬಹುದು. ಅಂದರೆ ಬಂಡವಾಳ ಯಾವಾಗಲೂ ಪೀಪಾಯಿಯಲ್ಲೇ ಕೂತಿರುತ್ತದೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದವರಿಗೆ ಹೇಳಿ ಮಾಡಿಸಿದ ವ್ಯಾಪಾರ ಇದಲ್ಲ.

ತೀರ್ಮಾನ ತಪ್ಪಿದ ಉದಾಹರಣೆಗಳೂ ಇವೆ, ಎರಡೂ ಕಡೆಗೆ. 1927 ದೊಡ್ಡ ವಿಂಟೇಜ್, ಹೆಚ್ಚು ಕಡಿಮೆ ಎಲ್ಲರೂ ಘೋಷಿಸಿದ್ದರು. ಆಮೇಲೆ ಆರ್ಥಿಕ ಕುಸಿತ. ಲಂಡನ್ನಿನ ನೆಲಮಾಳಿಗೆಗಳಲ್ಲಿ 1927ರ ಬಾಟಲಿಗಳೇ ಖರ್ಚಾಗದೆ ಕೂತಿದ್ದವು. ಅಂಥ ಹೊತ್ತಲ್ಲಿ 1931 ಬಂತು, ಅದ್ಭುತ ಕೊಯ್ಲು. ದೊಡ್ಡ ಮನೆಗಳಲ್ಲಿ ಹೆಚ್ಚಿನವು ಕೊಳ್ಳುವವರಿಲ್ಲ ಅಂತ ಕೈಬಿಟ್ಟವು. ಕಿಂತಾ ದೊ ನೊವಾಲ್ ಎಂಬ ಮನೆ ಘೋಷಿಸಿತು. ಆ ಒಂದು ವೈನ್ ನೊವಾಲ್ ಹೆಸರನ್ನು ಜಗತ್ತಿಗೆ ಪರಿಚಯಿಸಿತು.

1975 ಇದರ ತಿರುವುಮುರುವು. 1974ರ ಏಪ್ರಿಲ್‌ನಲ್ಲಿ ಪೋರ್ಚುಗಲ್‌ನಲ್ಲಿ ಕ್ರಾಂತಿಯಾಗಿ ಸರ್ವಾಧಿಕಾರ ಬಿತ್ತು. ಮುಂದಿನ ವರ್ಷ ಬ್ಯಾಂಕುಗಳು ಸರ್ಕಾರದ ವಶವಾದವು. ಮುಂದೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಗೊಂದಲದ ನಡುವೆ ಸಿಮಿಂಗ್ಟನ್‌ರ ಮನೆಗಳೂ ಸೇರಿದಂತೆ ಬಹಳ ಮಂದಿ 1975 ಘೋಷಿಸಿದರು. ವೈನ್ ಹಗುರವಾಗಿತ್ತು, ಬೇಗ ಮಾಗಿ ಬೇಗ ಇಳಿಯಿತು. ದೊಡ್ಡ ವಿಂಟೇಜ್‌ಗಳ ಸಾಲಿನಲ್ಲಿ ಅದನ್ನು ಇವತ್ತು ಯಾರೂ ಕೂರಿಸುವುದಿಲ್ಲ.

ಎರಡು ವರ್ಷ ಕಳೆದು 1977 ಬಂತು. ನಿಜವಾದ ದೊಡ್ಡ ವರ್ಷ. ಗ್ರಹಾಮ್ಸ್, ಡೌ, ವಾರ್ ಮೂರೂ ಘೋಷಿಸಿದವು. ಕೋಬರ್ನ್ ಮಾತ್ರ ಘೋಷಿಸಲಿಲ್ಲ. 1815ರ ಹಳೆಯ ಮನೆ, ಆದರೆ ಆ ಹೊತ್ತಿಗೆ ಅದು ಕುಟುಂಬದ ಕೈಯಲ್ಲಿರಲಿಲ್ಲ. 1962ರಲ್ಲೇ ಬ್ರಿಸ್ಟಲ್‌ನ ಹಾರ್ವೀಸ್ ಕಂಪನಿಗೆ ಹೋಗಿತ್ತು. ಹೆಚ್ಚಿನವರು ಹೂಂ ಅಂದ ವರ್ಷ ಊಹೂಂ ಅಂದದ್ದು ಕೋಬರ್ನ್ ಹೆಸರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಆಮೇಲೆ ಆ ಹೆಸರು ಒಂದು ದೊಡ್ಡ ಮದ್ಯ ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಾ ಹೋಯಿತು. 2006ರಲ್ಲಿ ಅದರ ತೋಟ, ಗೋದಾಮುಗಳನ್ನು ಸಿಮಿಂಗ್ಟನ್‌ರು ಕೊಂಡರು, 2010ರಲ್ಲಿ ಹೆಸರೂ ಅವರದಾಯಿತು. ಅಲ್ಲಿಂದ ಕೋಬರ್ನ್ ವಿಂಟೇಜ್ ಮತ್ತೆ ತಲೆಯೆತ್ತಿದೆ. 2011ರದ್ದು ಅದಕ್ಕೆ ಸಾಕ್ಷಿ.

ಹಾಗಂತ ಕುಟುಂಬಗಳೆಲ್ಲ ಒಂದೇ ಥರ ಯೋಚಿಸುತ್ತವೆ ಅಂತಲ್ಲ. 1991ನ್ನು ಸಿಮಿಂಗ್ಟನ್‌ರು ಘೋಷಿಸಿದರು. ಅವರ ದೊಡ್ಡ ಪ್ರತಿಸ್ಪರ್ಧಿಗಳಾದ ಟೇಲರ್ ಮತ್ತು ಫೊನ್ಸೆಕಾ ಅದನ್ನು ಬಿಟ್ಟು 1992 ಘೋಷಿಸಿದರು. ಟೇಲರ್ ಶುರುವಾದದ್ದು 1692ರಲ್ಲಿ, ಅವರಿಗೆ ಅದು ಮುನ್ನೂರನೇ ವರ್ಷ ಕೂಡ. ಒಂದೇ ಕಣಿವೆ, ಒಂದೇ ಮಳೆ, ಎರಡು ತೀರ್ಮಾನ. ಯಾರು ಸರಿ ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಇಂಥ ವಾದಕ್ಕೆ ಜಾಗ ಇರುವುದೇ ನನಗೆ ಈ ವೈನ್‌ನಲ್ಲಿ ಇಷ್ಟ.

ಒಂದು ಮದುವೆ, ಕೆಲವು ಪಾಲುದಾರಿಕೆ

ಆಂಡ್ರೂ ಜೇಮ್ಸ್ ಗ್ರಹಾಂ ಕಂಪನಿಯಲ್ಲಿ ಬಹಳ ವರ್ಷ ಉಳಿಯಲಿಲ್ಲ. ಅವನ ಮನಸ್ಸು ಬಟ್ಟೆಗಿಂತ ವೈನ್ ಕಡೆ ಎಳೆಯಿತು. 1891ರಲ್ಲಿ ಬಿಯಾಟ್ರಿಸ್ ಅಟ್ಕಿನ್ಸನ್‌ರನ್ನು ಮದುವೆಯಾದ. ಆಕೆಯದು ಇಂಗ್ಲಿಷ್ ಮತ್ತು ಪೋರ್ಚುಗೀಸ್ ಎರಡೂ ರಕ್ತ ಸೇರಿದ ಮನೆತನ. ತಾಯಿ ಕಡೆಯ ಪೂರ್ವಜರು 17ನೇ ಶತಮಾನದಿಂದಲೇ ಪೋರ್ಟ್ ವ್ಯಾಪಾರದಲ್ಲಿದ್ದವರು. ಸಿಮಿಂಗ್ಟನ್‌ರು ತಮ್ಮ ಹದಿನಾಲ್ಕು ತಲೆಮಾರುಗಳ ಲೆಕ್ಕ ಹೇಳುವುದು ಈಕೆಯ ಕಡೆಯಿಂದಲೇ. ಹೆಸರು ಗಂಡನದು ಉಳಿಯಿತು, ಬೇರು ಹೆಂಡತಿಯದು.

1905ರಲ್ಲಿ ಆಂಡ್ರೂ ವಾರ್ ಕಂಪನಿಯ ಪಾಲುದಾರನಾದ. 1670ರ ಕಂಪನಿ ಅದು, ಪೋರ್ಟ್‌ನ ಬ್ರಿಟಿಷ್ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯದು. 1912ರಲ್ಲಿ ಡೌ ಕಂಪನಿಯೂ ಜೊತೆಗೆ ಬಂತು. ಡೌ ಶುರುಮಾಡಿದ್ದು 1798ರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿದ ಬ್ರೂನೊ ದ ಸಿಲ್ವಾ ಎಂಬ ಪೋರ್ಚುಗೀಸ್ ವ್ಯಾಪಾರಿ. ಎಲ್ಲಾ ಬ್ರಿಟಿಷರು ಪೋರ್ಟೊಗೆ ಬರುತ್ತಿದ್ದಾಗ ಈತ ಎದುರು ದಿಕ್ಕಿನಲ್ಲಿ ಹೋದವನು.

ಎರಡು ಮಹಾಯುದ್ಧಗಳು, ನಡುವೆ ಆರ್ಥಿಕ ಕುಸಿತ, ಆಮೇಲೆ 1950ರ ದಶಕದ ಮಂದ ವ್ಯಾಪಾರ. ಬಹಳ ಹಳೆಯ ಮನೆಗಳು ಈ ಕಾಲದಲ್ಲಿ ಸೋತು ದೊಡ್ಡ ಕಂಪನಿಗಳ ಕೈಸೇರಿದವು. ಸಿಮಿಂಗ್ಟನ್‌ರು ಹಿಡಿದುಕೊಂಡು ಕೂತರು. 1970ರಲ್ಲಿ ಗ್ರಹಾಮ್ಸ್ ಮಾರಾಟಕ್ಕೆ ಬಂದಾಗ ಕೊಳ್ಳುವ ಸ್ಥಿತಿಯಲ್ಲಿದ್ದರು. ಅವತ್ತು ಪೋರ್ಟ್‌ನ ಮೇಲೆ ದುಡ್ಡು ಹಾಕುವುದು ಜಾಣತನ ಅಂತ ಹೇಳುವವರು ಕಡಿಮೆ ಇದ್ದರು. ಗ್ರಹಾಂ ಕುಟುಂಬದ ಒಬ್ಬರು 1981ರಲ್ಲಿ ಚರ್ಚಿಲ್ಸ್ ಅಂತ ಹೊಸ ಪೋರ್ಟ್ ಮನೆ ಕಟ್ಟಿದರು, ಅದೂ ಚೆನ್ನಾಗಿ ನಡೆಯುತ್ತಿದೆ.

1989ರಲ್ಲಿ ವೆಸೂವಿಯೊ ಬಂತು. ಈ ತೋಟದ ಹೆಸರು ಹೇಳಿದರೆ ದೋನಾ ಅಂತೋನಿಯಾ ಫೆರೇರಾ ನೆನಪಾಗಲೇಬೇಕು. 1811ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, 1896ರಲ್ಲಿ ತೀರಿಕೊಳ್ಳುವವರೆಗೆ ಕಣಿವೆಯ ತೋಟಗಳನ್ನು ನಡೆಸಿದ ಹೆಣ್ಣುಮಗಳು. ವೆಸೂವಿಯೊ ಅವರ ಅತಿ ದೊಡ್ಡ ತೋಟಗಳಲ್ಲೊಂದು. 1861ರಲ್ಲಿ ಅವರು ಕೂತಿದ್ದ ದೋಣಿ ವಲೇರಾ ಎಂಬ ಮಡುವಿನಲ್ಲಿ ಮಗುಚಿತು. ಜೊತೆಯಲ್ಲಿದ್ದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಮುಳುಗಿ ಸತ್ತರು. ಫಾರೆಸ್ಟರ್ ದೋರು ನದಿಯ ನಕ್ಷೆ ಬರೆದವರು, ಪೋರ್ಟ್‌ಗೆ ಸಾರಾಯಿ ಸೇರಿಸಬಾರದು ಅಂತ ಬಹಳ ವರ್ಷ ಜಗಳವಾಡಿದವರು. ಸೊಂಟಕ್ಕೆ ಕಟ್ಟಿದ ನಾಣ್ಯದ ಚೀಲ ಅವರನ್ನು ಕೆಳಗೆಳೆಯಿತು, ಅಂತೋನಿಯಾರ ಅಗಲವಾದ ಲಂಗ ಗಾಳಿ ತುಂಬಿ ಅವರನ್ನು ತೇಲಿಸಿತು ಅಂತ ಕಣಿವೆಯ ಜನ ಹೇಳುತ್ತಾರೆ. ಆ ಮಡು ಈಗ ಅಣೆಕಟ್ಟಿನ ನೀರಿನಡಿ ಇದೆ. ಪೀಪಾಯಿ ಹೊತ್ತು ಇಳಿಯುತ್ತಿದ್ದ ರಬೆಲೊ ದೋಣಿಗಳೂ ಈಗ ಗಾಯಾ ದಂಡೆಯಲ್ಲಿ ನೋಡಲಿಕ್ಕಷ್ಟೇ ನಿಂತಿವೆ.

ನಾಲ್ಕು ಮನೆ, ನಾಲ್ಕು ರುಚಿ

ಒಂದೇ ಕುಟುಂಬ, ಒಂದೇ ತಂಡ. ಹಾಗಿದ್ದ ಮೇಲೆ ನಾಲ್ಕು ಹೆಸರು ಯಾಕೆ? ಇದು ಬರೀ ಮಾರಾಟದ ಉಪಾಯ ಅಂತ ಅನ್ನಿಸಬಹುದು. ಹಾಗಲ್ಲ. ಒಂದೊಂದು ಹೆಸರಿಗೂ ಅದರದೇ ತೋಟಗಳಿವೆ, ಆ ದ್ರಾಕ್ಷಿ ಇನ್ನೊಂದರ ವಿಂಟೇಜ್‌ಗೆ ಹೋಗುವುದಿಲ್ಲ.

ಗ್ರಹಾಮ್ಸ್‌ನ ಜೀವಾಳ ತುವಾ ನದಿ ಸೇರುವ ಜಾಗದ ಹತ್ತಿರದ ಮಾಲ್ವೆದೊಸ್. 1890ರಿಂದ ಗ್ರಹಾಮ್ಸ್ ಹೆಸರಿನ ಜೊತೆ ಅಂಟಿಕೊಂಡ ತೋಟ. ಬಿಸಿ ಜಾಗ, ಹಣ್ಣು ಚೆನ್ನಾಗಿ ಮಾಗುತ್ತದೆ. ಗ್ರಹಾಮ್ಸ್ ನಾಲ್ಕರಲ್ಲಿ ಸಿಹಿ, ತುಂಬು, ಉದಾರ. ಡೌ ತೋಟಗಳು ಪಿನ್ಹಾವ್‌ನ ಬೊಂಫಿಂ ಮತ್ತು ಇನ್ನೂ ಮೇಲಿನ ಸೆನ್ಯೋರಾ ದ ರಿಬೇರಾ. ಡೌಗೆ ಸಾರಾಯಿ ಸುರಿಯುವುದು ಸ್ವಲ್ಪ ತಡವಾಗಿ. ಹಾಗಾಗಿ ಸಿಹಿ ಕಡಿಮೆ, ಒಗರು ಮುಂದೆ. ಎಳೆಯದಿದ್ದಾಗ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ನನ್ನ ಮೆಚ್ಚುಗೆ ಇದಕ್ಕೇ ಜಾಸ್ತಿ. ವಾರ್ ಪಿನ್ಹಾವ್ ಕಣಿವೆಯ ಕವಾದಿನ್ಯಾ ತೋಟದ ತಂಪಿನಿಂದ ಹೂವಿನ ಪರಿಮಳ ಪಡೆಯುತ್ತದೆ, ನಾಲ್ಕರಲ್ಲಿ ನಾಜೂಕು. ಕೋಬರ್ನ್‌ನ ಕನಾಯ್ಸ್ ತೋಟ ವೆಸೂವಿಯೊದ ಎದುರು ದಂಡೆಯಲ್ಲಿದೆ. ಟೂರಿಗಾ ನಸಿಯೊನಾಲ್ ಎಂಬ ಸಣ್ಣ ಕಾಯಿಯ, ಇಳುವರಿ ಕಮ್ಮಿಯ, ಗಾಢ ಬಣ್ಣದ ತಳಿ ಕಣಿವೆಯಿಂದ ಮರೆಯಾಗುತ್ತಿದ್ದಾಗ ಅದನ್ನು ಮತ್ತೆ ನೆಡಲು ದುಡಿದ ಮನೆಗಳಲ್ಲಿ ಕೋಬರ್ನ್ ಮುಂದಿತ್ತು. ಇವತ್ತು ಆ ತಳಿ ಇಲ್ಲದ ದೊಡ್ಡ ಪೋರ್ಟ್ ಸಿಗುವುದು ಕಷ್ಟ.

ಡೌ 2011 ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ 2014ರಲ್ಲಿ ಅದನ್ನು ವರ್ಷದ ವೈನ್ ಅಂತ ಮೊದಲ ಸ್ಥಾನದಲ್ಲಿಟ್ಟಿತು. ಅದೇ ಪಟ್ಟಿಯ ಮೂರನೇ ಸ್ಥಾನದಲ್ಲಿ ಇದೇ ಕುಟುಂಬ ಫ್ರಾನ್ಸಿನ ವೈನ್ ತಯಾರಕ ಬ್ರೂನೊ ಪ್ರಾತ್ಸ್ ಜೊತೆ ಸೇರಿ ಮಾಡುವ ಕ್ರಿಸೇಯಾ ಇತ್ತು. ಅದು ಪೋರ್ಟ್ ಅಲ್ಲ, ಸಾರಾಯಿ ಸೇರಿಸದ ಕೆಂಪು ವೈನ್. ದೋರು ಬರೀ ಸಿಹಿ ವೈನ್ ಸೀಮೆ ಅಂದುಕೊಂಡವರಿಗೆ ಆ ವರ್ಷ ಉತ್ತರ ಸಿಕ್ಕಿತು.

2016 ಮತ್ತು 2017ರಲ್ಲಿ ಇನ್ನೊಂದು ಹೊಸದು ನಡೆಯಿತು. ಒಂದರ ಹಿಂದೊಂದು ಎರಡು ವರ್ಷವನ್ನು ದೊಡ್ಡ ಮನೆಗಳೆಲ್ಲ ಘೋಷಿಸಿದವು. ಹಿಂದೆ ಹೀಗಾದದ್ದಿಲ್ಲ. 2016ರಲ್ಲಿ ವಸಂತದ ಮಳೆ ಜೋರಾಗಿತ್ತು, ಕೊಯ್ಲು ತಡವಾಯಿತು. 2017 ಒಣ ವರ್ಷ, ಬಿಸಿಲು ಉರಿ. ಸಿಮಿಂಗ್ಟನ್‌ರ ತೋಟಗಳಲ್ಲಿ ಆಗಸ್ಟ್ ಕೊನೆಯಲ್ಲೇ ಕೊಯ್ಲು ಶುರುವಾಯಿತು, ಅವರ ನೆನಪಿನಲ್ಲಿ ಅಷ್ಟು ಬೇಗ ಯಾವತ್ತೂ ಆಗಿರಲಿಲ್ಲ. ವೈನ್ ಒಳ್ಳೆಯದು ಬಂತು ಅನ್ನುವುದು ಸಂತೋಷ. ಬಿಸಿಲು ಹೀಗೇ ಏರುತ್ತಾ ಹೋದರೆ ಈ ಕಣಿವೆಯ ಗತಿ ಏನು ಅನ್ನುವುದು ಸಂತೋಷದ ವಿಷಯವಲ್ಲ. ಕುಟುಂಬ ಹಳೆಯ ತಳಿಗಳ ಪ್ರಯೋಗ ತೋಟ ಮಾಡಿ, ಯಾವುದು ಬಿಸಿ ತಡೆಯುತ್ತದೆ ಅಂತ ನೋಡುತ್ತಿದೆ.

ಕೊಳ್ಳುವವರಿಗೆ, ತೆರೆಯುವವರಿಗೆ

ವಿಂಟೇಜ್ ಪೋರ್ಟ್ ಸೋಸಿದ್ದಲ್ಲ ಅಂತ ಹೇಳಿದೆ. ಹಾಗಾಗಿ ವರ್ಷ ಕಳೆದಂತೆ ಬಾಟಲಿಯೊಳಗೆ ದಪ್ಪ ಗಸಿ ಇಳಿಯುತ್ತದೆ. ಮಲಗಿಸಿಟ್ಟ ಬಾಟಲಿಯನ್ನು ತೆರೆಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಕೂರಲಿ. ಬಿರಡೆ ಹಳತಾಗಿದ್ದರೆ ಪುಡಿಯಾಗುತ್ತದೆ, ಆತುರ ಬೇಡ. ಬಹಳ ಹಳೆಯ ಬಾಟಲಿಗೆ ಪೋರ್ಟೊದಲ್ಲಿ ಬೇರೆಯೇ ಉಪಾಯವಿದೆ. ಕಬ್ಬಿಣದ ಇಕ್ಕಳವನ್ನು ಕೆಂಪಗೆ ಕಾಯಿಸಿ ಬಾಟಲಿಯ ಕತ್ತನ್ನು ಹಿಡಿಯುತ್ತಾರೆ, ತೆಗೆದ ಕೂಡಲೇ ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾರೆ. ಟಿಕ್ ಅಂತ ಗಾಜು ಸರಿಯಾಗಿ ಆ ಗೆರೆಯಲ್ಲೇ ಬಿಡುತ್ತದೆ, ಬಿರಡೆ ಸಮೇತ. ಮನೆಯಲ್ಲಿ ಮಾಡಲು ಹೋಗಬೇಡಿ.

ಆಮೇಲೆ ಬಾಟಲಿಯನ್ನು ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ, ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಕತ್ತಿನ ಹಿಂದೆ ಒಂದು ದೀಪ ಇಟ್ಟುಕೊಂಡರೆ ಗಸಿ ಹತ್ತಿರ ಬರುವುದು ಕಾಣುತ್ತದೆ. ಕಂಡ ಕೂಡಲೇ ನಿಲ್ಲಿಸಿ. ತೆರೆದ ವಿಂಟೇಜ್ ಎರಡು ಮೂರು ದಿನದಲ್ಲಿ ಸೊರಗುತ್ತದೆ, ಹಾಗಾಗಿ ನಾಲ್ಕು ಜನ ಸೇರಿದಾಗ ತೆರೆಯುವುದೇ ಸರಿ.

ಡ್ಯೂಟಿ ಫ್ರೀ ಅಂಗಡಿಯಲ್ಲೋ ಪೋರ್ಟೊ ಪ್ರವಾಸದಲ್ಲೋ ಮೊದಲ ಸಲ ಕೊಳ್ಳುವವರು ಎಳೆಯ ದೊಡ್ಡ ವಿಂಟೇಜ್ ಕೊಂಡು ಅವತ್ತೇ ತೆರೆಯಬೇಡಿ. ದುಡ್ಡೂ ಜಾಸ್ತಿ, ವೈನೂ ಮಾತಾಡುವುದಿಲ್ಲ. ರುಚಿ ಪರಿಚಯಕ್ಕೆ ಒಳ್ಳೆಯ ಎಲ್‌ಬಿವಿ ಸಾಕು. ತೆರೆದ ಮೇಲೂ ಕೆಲವು ವಾರ ಉಳಿಯಬೇಕು ಅಂದರೆ 10 ವರ್ಷದ ಟಾನಿ. ವಿಂಟೇಜೇ ಬೇಕು, ಆದರೆ ಅಷ್ಟು ದುಡ್ಡು ಬೇಡ ಅಂದರೆ ದಾರಿಯಿದೆ. ಎಲ್ಲರೂ ಬೇಡ ಅಂದ ವರ್ಷಗಳಲ್ಲೂ ಒಂದೊಂದು ತೋಟ ಚೆನ್ನಾಗಿ ಬಂದಿರುತ್ತದೆ. ಅಂಥ ವರ್ಷ ಗ್ರಹಾಮ್ಸ್ ಅನ್ನುವ ಬದಲು ತೋಟದ ಹೆಸರು ಹಾಕಿ ಮಾಲ್ವೆದೊಸ್ ಅಂತ ಬಾಟಲಿ ಮಾಡುತ್ತಾರೆ, ಡೌ ಬದಲು ಬೊಂಫಿಂ, ವಾರ್ ಬದಲು ಕವಾದಿನ್ಯಾ. ನಿಯಮ, ತಯಾರಿ ಎಲ್ಲಾ ವಿಂಟೇಜ್‌ನದ್ದೇ. ಬೆಲೆ ಕಡಿಮೆ, ಸಾಮಾನ್ಯವಾಗಿ ಬೇಗ ಮಾಗುತ್ತದೆ. ಹದಿನೈದು ವರ್ಷ ದಾಟಿದ ಮಾಲ್ವೆದೊಸ್ ಕಂಡರೆ ಯೋಚನೆ ಮಾಡದೆ ಎತ್ತಿಕೊಳ್ಳಿ.